ಒಂದು ಯೂನಿಟ್ ವಿದ್ಯುತ್ತಿಗೆ ಎಷ್ಟು ಕಲ್ಲಿದ್ದಲು, ಎಷ್ಟು ಹೊಗೆ: ಲೆಕ್ಕ ಹಾಕುವ ಕ್ರಮ

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಗಳ ಮನೆಗಳಿಗೆ ಹೆಸ್ಕಾಂ ತಲುಪಿಸುವ ವಿದ್ಯುತ್ತಿನಲ್ಲಿ ಶರಾವತಿಯ ನೀರು, ಗದಗ ಸೀಮೆಯ ಗಾಳಿ ಮಾತ್ರವಲ್ಲದೆ ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡಿತಿನಿ, ವಿಜಯಪುರ ಜಿಲ್ಲೆಯ ಕೂಡಗಿಗಳಲ್ಲಿ ಉರಿಯುವ ಕಲ್ಲಿದ್ದಲೂ ಬೆರೆತಿರುತ್ತದೆ. ಆ ಚಿಮಣಿಗಳು ನಮ್ಮ ಊರುಗಳಿಂದ ಕಾಣುವುದಿಲ್ಲ. ಆದ್ದರಿಂದಲೇ ಅವುಗಳ ಲೆಕ್ಕವನ್ನು ನಾವು ಹಾಕಲು ಕಲಿಯಬೇಕು. ಹೈಸ್ಕೂಲಿನ ಗಣಿತ ಸಾಕು.

ಮೊದಲು ಉತ್ಪಾದನೆ. ಶಕ್ತಿನಗರದಲ್ಲಿ 210 ಮೆಗಾವಾಟಿನ ಏಳು ಮತ್ತು 250 ಮೆಗಾವಾಟಿನ ಒಂದು, ಒಟ್ಟು 1,720 ಮೆಗಾವಾಟಿನ ಎಂಟು ಘಟಕಗಳಿವೆ. ಒಂದು ಮೆಗಾವಾಟ್ ಒಂದು ಗಂಟೆ ನಡೆದರೆ 1,000 ಯೂನಿಟ್; ಹಾಗಾಗಿ 210 ಮೆಗಾವಾಟಿನ ಒಂದು ಘಟಕವು ಪೂರ್ಣ ಸಾಮರ್ಥ್ಯದಲ್ಲಿ 24 ಗಂಟೆ ಓಡಿದರೆ 50.4 ಲಕ್ಷ ಯೂನಿಟ್ ಉತ್ಪಾದಿಸುತ್ತದೆ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ, ಅದು ತಪ್ಪು. ಮಳೆಗಾಲದಲ್ಲಿ ಜಲಾಶಯಗಳು ತುಂಬಿ, ಗಾಳಿಯಂತ್ರಗಳು ಜೋರಾಗಿ ತಿರುಗುವಾಗ ಕಲ್ಲಿದ್ದಲಿನ ಘಟಕಗಳನ್ನು ತಗ್ಗಿಸುತ್ತಾರೆ, ಕೆಲವನ್ನು ನಿಲ್ಲಿಸಿಯೇ ಬಿಡುತ್ತಾರೆ. ಉದಾಹರಣೆಗೆ, ಘಟಕವು ಶೇ. 60ರಷ್ಟು ಓಡಿತೆಂದುಕೊಂಡರೆ ದಿನದ ಉತ್ಪಾದನೆ 30.24 ಲಕ್ಷ ಯೂನಿಟ್. ಇದರಲ್ಲಿ ಪಂಪು, ಫ್ಯಾನು, ಕಲ್ಲಿದ್ದಲು ಪುಡಿ ಮಾಡುವ ಗಿರಣಿಗಳಿಗಾಗಿ ಸ್ಥಾವರವೇ ಶೇ. 9ರಷ್ಟನ್ನು ಬಳಸಿಕೊಂಡರೆ, ಹೊರಗಿನ ಜಾಲಕ್ಕೆ ಸೇರುವುದು ಸುಮಾರು 27.5 ಲಕ್ಷ.

ಮುಂದೆ ಕಲ್ಲಿದ್ದಲು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಹೆಚ್ಚು, ಶಾಖ ಕಡಿಮೆ. ಕಿಲೋಗ್ರಾಮಿಗೆ 3,600 ಕಿಲೋಕ್ಯಾಲರಿ ಶಾಖವಿರುವ ಕಲ್ಲಿದ್ದಲನ್ನು ಯೂನಿಟ್ಟಿಗೆ 0.7 ಕೆ.ಜಿ. ಸುಟ್ಟರೆ 2,520 ಕಿಲೋಕ್ಯಾಲರಿ ಖರ್ಚಾಗುತ್ತದೆ. ಒಂದು ಯೂನಿಟ್ ವಿದ್ಯುತ್ತು 860 ಕಿಲೋಕ್ಯಾಲರಿಗೆ ಸಮ. ಅಂದರೆ ದಕ್ಷತೆ ಶೇ. 34. ಉಳಿದ ಶಾಖದಲ್ಲಿ ಹೆಚ್ಚಿನ ಪಾಲನ್ನು ತಂಪುಗೋಪುರವೂ ಚಿಮಣಿಯೂ ಆಕಾಶಕ್ಕೆ ಬಿಡುತ್ತವೆ. ನೀವು ಹಾಕಿದ ಲೆಕ್ಕದಲ್ಲಿ ದಕ್ಷತೆ ಶೇ. 50 ದಾಟಿದರೆ ಎಲ್ಲೋ ಅಂಕಿ ತಪ್ಪಿದೆಯೆಂದು ತಿಳಿದು ಮೊದಲಿನಿಂದ ನೋಡಿರಿ. ನಮ್ಮ ಘಟಕಕ್ಕೆ ದಿನಕ್ಕೆ ಬೇಕಾಗುವ ಕಲ್ಲಿದ್ದಲು ಸುಮಾರು 2,117 ಟನ್.

ಇನ್ನು ಹೊಗೆ. ಈ ಕಲ್ಲಿದ್ದಲಿನಲ್ಲಿ ಶೇ. 40 ಇಂಗಾಲವಿದ್ದರೆ ಅದರ ತೂಕ 847 ಟನ್. ಉರಿಯುವಾಗ 12 ಭಾಗ ಇಂಗಾಲವು 32 ಭಾಗ ಆಮ್ಲಜನಕವನ್ನು ಕೂಡಿಕೊಂಡು 44 ಭಾಗ ಇಂಗಾಲದ ಡೈಆಕ್ಸೈಡ್ ಆಗುವುದರಿಂದ 847ನ್ನು 44ರಿಂದ ಗುಣಿಸಿ 12ರಿಂದ ಭಾಗಿಸಬೇಕು. ಬರುವುದು ಸುಮಾರು 3,105 ಟನ್. ಸುಟ್ಟ ಕಲ್ಲಿದ್ದಲಿಗಿಂತ ಹೊರಬಿದ್ದ ಅನಿಲವೇ ಹೆಚ್ಚು ತೂಗುವುದನ್ನು ಕಂಡು ಮಕ್ಕಳು ಬೆರಗಾಗುತ್ತಾರೆ, ಆಗಲೇಬೇಕು. ಇದನ್ನು ಜಾಲಕ್ಕೆ ಸೇರಿದ 27.5 ಲಕ್ಷ ಯೂನಿಟ್ಟಿನಿಂದ ಭಾಗಿಸಿದರೆ ಯೂನಿಟ್ಟಿಗೆ 1.13 ಕೆ.ಜಿ.; ಒಟ್ಟು ಉತ್ಪಾದನೆಯಿಂದ ಭಾಗಿಸಿದರೆ 1.03 ಕೆ.ಜಿ. ಯಾವುದರಿಂದ ಭಾಗಿಸಿದಿರೆಂಬುದನ್ನು ಪಕ್ಕದಲ್ಲೇ ಬರೆದಿಡಿರಿ. ಗಂಧಕ ಶೇ. 0.5 ಇದ್ದರೆ ಅದರ ತೂಕವನ್ನು ಎರಡರಿಂದ ಗುಣಿಸಿರಿ; ದಿನಕ್ಕೆ 21 ಟನ್ ಸಲ್ಫರ್ ಡೈಆಕ್ಸೈಡ್ ಆಗುತ್ತದೆ.

ಬೂದಿಯನ್ನಂತೂ ಕೈಯಿಂದ ಮುಟ್ಟಿ ನೋಡಬಹುದು. ಮನೆ ಕಟ್ಟುವಲ್ಲಿ ಬಿದ್ದಿರುವ ಬೂದುಬಣ್ಣದ ಹಾರುಬೂದಿ ಇಟ್ಟಿಗೆಯ ಮುರಿದ ಅಂಚನ್ನು ಹೆಬ್ಬೆರಳಿನಿಂದ ತಿಕ್ಕಿದರೆ ಹತ್ತುವ ಪುಡಿ ಮುಖದ ಪೌಡರಿನಷ್ಟು ನುಣುಪಾಗಿರುತ್ತದೆ. ಕಲ್ಲಿದ್ದಲಿನ ತೂಕದಲ್ಲಿ ಶೇ. 35ರಂತೆ ನಮ್ಮ ಘಟಕದ ಬೂದಿ ದಿನಕ್ಕೆ 741 ಟನ್, ಅದರಲ್ಲಿ ಶೇ. 80 ಹೀಗೆ ಹಾರುವಂಥದ್ದು. ವಿದ್ಯುತ್ ಆವೇಶದಿಂದ ಧೂಳು ಹಿಡಿಯುವ ಯಂತ್ರವು ಶೇ. 99.9ರಷ್ಟನ್ನು ತಡೆದರೂ ಸುಮಾರು 590 ಕೆ.ಜಿ. ಗಾಳಿಗೆ ಸೇರುತ್ತದೆ, ಯಂತ್ರ ಶೇ. 99ಕ್ಕೆ ಇಳಿದರೆ ಅದು ಹತ್ತು ಪಟ್ಟಾಗುತ್ತದೆ.

ಕೊನೆಗೆ ನಿಮ್ಮ ಬಿಲ್ಲು. ಅದರ ಯೂನಿಟ್ಟುಗಳನ್ನು 1.13ರಿಂದ ಗುಣಿಸಬಾರದು, ಮನೆಗೆ ಬರುವುದು ಬೆರೆತ ವಿದ್ಯುತ್ತು. ದೇಶದ ಜಾಲದ ಸರಾಸರಿ ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಇರುವುದರಿಂದ 100 ಯೂನಿಟ್ಟಿಗೆ 70 ಕೆ.ಜಿ. ಎಂದು ಹಿಡಿದು, ತಂತಿಗಳಲ್ಲಿ ದಾರಿಯುದ್ದಕ್ಕೂ ನಷ್ಟವಾಗುವ ಪಾಲನ್ನು ಅದರ ಮೇಲೆ ಸೇರಿಸಿರಿ.