ಅಪ್ಪನ ಪಾಯಿಂಟ್ ಟೂಟೂ ಕೋವಿ ನಿಮ್ಮ ಪಾಲಿಗೆ ಬಂದರೆ

ಅಪ್ಪನ ಬೊಜ್ಜ (ಉತ್ತರಕ್ರಿಯೆ) ಮುಗಿದು ನೆಂಟರೆಲ್ಲ ಹೊರಟ ಮೇಲೆಯೇ ನಮಗೆ ಅವರ ಪಾಯಿಂಟ್ ಟೂಟೂ, ಅಂದರೆ .22 ಇಂಚಿನ ಸಣ್ಣ ಗುಂಡಿನ ಕೋವಿಯ ನೆನಪಾದದ್ದು. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ಮನೆಗಳಲ್ಲಿ ಹೀಗೇ ಆಗುತ್ತದೆ. ಕಪಾಟಿನಲ್ಲಿ ಅದು ಅಪ್ಪನ ಕೊಡೆಯ ಹಾಗೆ ಸುಮ್ನೆ ಇರುತ್ತದೆ, ಹಾಗಾಗಿ ಇನ್ನು ನಮ್ಮದೇ ಅಂದುಕೊಳ್ಳುತ್ತೇವೆ. ಅಲ್ಲ. ಲೈಸೆನ್ಸ್ ಇದ್ದದ್ದು ಅಪ್ಪನ ಹೆಸರಿಗೆ, ಅವರೊಂದಿಗೆ ಅದೂ ಮುಗಿಯಿತು. 1959ರ ಆಯುಧ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಗೋ ಲೈಸೆನ್ಸ್ ಇರುವ ಕೋವಿ ಅಂಗಡಿಗೋ ಅದನ್ನು ಒಪ್ಪಿಸಬೇಕು. ಉಳಿದ ತೋಟೆಗಳನ್ನೂ ಕೊಡಬೇಕು, ಡಬ್ಬಿಯ ತಳದಲ್ಲಿ ಎರಡೇ ಇದ್ದರೂ ಸಹ.

ಮೊದಲು ಠಾಣೆಗೆ ಫೋನ್ ಮಾಡಿ, ಹೇಗೆ ತರಬೇಕೆಂದು ಕೇಳಿ. ಮುಟ್ಟಲೇಬೇಕಾದರೆ ನಳಿಗೆ ಯಾರ ಕಡೆಗೂ ತಿರುಗದಿರಲಿ, ಬೆರಳು ಟ್ರಿಗರ್ ಹತ್ತಿರ ಹೋಗದಿರಲಿ. ಮ್ಯಾಗಜಿನ್ (ತೋಟೆ ತುಂಬುವ ಡಬ್ಬಿ) ತೆಗೆದು, ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ, ಹಿಡಿ ಇರುವ ಭಾಗ) ಹಿಂದಕ್ಕೆ ಎಳೆದು, ಟಾರ್ಚ್ ಹಾಕಿ ಒಳಗೆ ನೋಡಿ. ಕೆಲವು ಹಳೆಯ ಕೋವಿಗಳಲ್ಲಿ ನಳಿಗೆಯ ಕೆಳಗೆ ಕೊಳವೆಯಂಥ ಮ್ಯಾಗಜಿನ್ ಇರುತ್ತದೆ, ಅದರೊಳಗೆ ಒಂದು ತೋಟೆ ಸಿಕ್ಕಿಕೊಂಡಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಗೊತ್ತಾಗದಿದ್ದರೆ ಮುಟ್ಟಬೇಡಿ, ಪೊಲೀಸರೇ ಬರಲಿ. ಕೊಟ್ಟ ಮೇಲೆ ಕೋವಿಯ ನಂಬರ್ ಬರೆದ ರಸೀದಿ ತಪ್ಪದೆ ಕೇಳಿ ಪಡೆಯಿರಿ.

ಇನ್ನೊಂದು ಮಾತು. ರಿಪೇರಿ ಮಾಡಿಸೋಣ ಅಂತ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಒಯ್ಯಬೇಡಿ. ನಮಗೆ ಅದು ದಿನಾ ಓಡಾಡುವ ದಾರಿ, ನಿಜ, ಆದರೆ ಲೈಸೆನ್ಸ್ ಇಲ್ಲದವರ ಕೈಯಲ್ಲಿ ಕೋವಿ ಇದ್ದರೆ ಗಡಿಯ ಈಚೆಯೂ ಆಚೆಯೂ ಅಪರಾಧವೇ.

ಆಮೇಲೆ ಕಾಗದದ ಕೆಲಸ. 2016ರ ಆಯುಧ ನಿಯಮಗಳಲ್ಲಿ ವಾರಸುದಾರರಿಗೆ ಲೈಸೆನ್ಸ್ ಕೊಡಲು ಅವಕಾಶ ಇದೆ. ಎ-1 ಫಾರಂ ತುಂಬಿ, ಅಪ್ಪನ ಮರಣ ಪ್ರಮಾಣಪತ್ರ, ಅವರ ಲೈಸೆನ್ಸ್ ಪುಸ್ತಕ, ತಾಲೂಕು ಕಚೇರಿಯ ವಾರಸು ಪತ್ರ, ಅಣ್ಣ ತಮ್ಮ ಅಕ್ಕ ತಂಗಿಯರ ಒಪ್ಪಿಗೆ ಪತ್ರ ಎಲ್ಲ ಸೇರಿಸಿ ವಿದ್ಯಾನಗರದ ಕಲೆಕ್ಟರೇಟಿಗೆ ಹೋಗಿ. ಒಪ್ಪಿಗೆ ಪತ್ರಕ್ಕೇ ಜಾಸ್ತಿ ದಿನ ಬೇಕಾಗುತ್ತದೆ. ಅಕ್ಕ ಮುಂಬಯಿಯಲ್ಲಿದ್ದರೆ ಈಗಲೇ ಫೋನ್ ಮಾಡಿ. ಮಲಯಾಳ ಬಾರದಿದ್ದರೆ ಹೆದರಬೇಡಿ, ಕಾಸರಗೋಡಿನಲ್ಲಿ ನಮಗೆ ಸರಕಾರಕ್ಕೆ ಕನ್ನಡದಲ್ಲಿ ಪತ್ರ ಬರೆಯುವ ಹಕ್ಕಿದೆ.

ಲೈಸೆನ್ಸ್ ಸಿಕ್ಕಿ ಕೋವಿ ಮನೆಗೆ ಬಂತು ಅಂತ ಇಟ್ಟುಕೊಳ್ಳಿ. ಖಾಲಿ ಕೋವಿಯ ಟ್ರಿಗರನ್ನು ಟಕ್ ಟಕ್ ಅಂತ ಒತ್ತಬೇಡಿ. ಪಾಯಿಂಟ್ ಟೂಟೂ ತೋಟೆಯಲ್ಲಿ ಬೆಂಕಿ ಹತ್ತುವ ಮದ್ದು ನಡುವೆ ಇರುವುದಿಲ್ಲ, ತಳದ ಅಂಚಿನೊಳಗೆ ಸುತ್ತಲೂ ಇರುತ್ತದೆ. ಪಿನ್ ಹೊಡೆಯುವುದೂ ಆ ಅಂಚಿಗೇ. ತೋಟೆ ಇಲ್ಲದಾಗ ಅದೇ ಪಿನ್ ನಳಿಗೆಯ ಹಿಂಬದಿಯ ಬಾಯಿಯ ಉಕ್ಕಿಗೆ ಬಡಿದು ಕಚ್ಚು ಮಾಡಬಹುದು.

ನಮ್ಮ ಮಳೆಗಾಲದ ತುಕ್ಕು ಇದಕ್ಕೆ ದೊಡ್ಡ ಶತ್ರು. ಬಟ್ಟೆ ಅಥವಾ ಚರ್ಮದ ಚೀಲದಲ್ಲಿ ಇಡಬೇಡಿ, ಅದು ಪಸೆ ಹೀರಿ ಕಬ್ಬಿಣಕ್ಕೇ ತಾಗಿಸುತ್ತದೆ. ಒಂದು ಆಟಿ ತಿಂಗಳು ಚೀಲದಲ್ಲೇ ಬಿಟ್ಟು, ಆಮೇಲೆ ತೆರೆದಾಗ ನಳಿಗೆಯ ಮೇಲೆ ಕೆಂಪು ಚುಕ್ಕಿಗಳನ್ನು ಕಂಡು ನನಗೆ ತುಂಬ ಬೇಜಾರಾಗಿತ್ತು. ಕೋವಿಗೆಂದೇ ಸಿಗುವ ಎಣ್ಣೆಯನ್ನು ತೆಳ್ಳಗೆ ಒರೆಸಿ, ಬೀಗ ಹಾಕಿದ ಕಪಾಟಿನಲ್ಲಿ ಇಡಿ. ತೋಟೆಗಳನ್ನು ಬೇರೆ ಕಡೆ ಬೀಗ ಹಾಕಿಡಿ. ಒಳಗೆ ಉಜ್ಜುವಾಗ ಬೋಲ್ಟ್ ಕಳಚಿ ಹಿಂದಿನಿಂದ ಸರಳು ಹಾಕಿ. ಮುಂದಿನಿಂದ ಹಾಕಿ ನಳಿಗೆಯ ಮುಂದಿನ ತುದಿ ಸವೆದರೆ ಗುರಿ ಹೋಗುತ್ತದೆ.

ಕಾಡುಹಂದಿ ಹೊಡೆಯಬಹುದಾ ಅಂತ ನೆರೆಕರೆಯವರು ಕೇಳಿಯೇ ಕೇಳುತ್ತಾರೆ. ಬೇಡ. ಎರಡೂವರೆ ಗ್ರಾಂ ಸೀಸದ ಗುಂಡಿನಿಂದ ಹಂದಿ ಸುಲಭಕ್ಕೆ ಸಾಯುವುದಿಲ್ಲ, ಗಾಯಗೊಂಡು ನರಳುತ್ತದೆ. ಸರಕಾರದ ಅನುಮತಿ ಇಲ್ಲದೆ ಹೊಡೆದರೆ ಕೇಸೂ ಆಗುತ್ತದೆ.

ಅಪ್ಪ ಇನ್ನೂ ಇದ್ದಾರಾ? ಅವರಿಗೆ 70 ವರ್ಷ ಆಗಿದ್ದರೆ, ಅಥವಾ ಕೋವಿ ಅವರಲ್ಲಿ 25 ವರ್ಷದಿಂದ ಇದ್ದರೆ, ಅವರು ಇರುವಾಗಲೇ ನಿಮ್ಮ ಹೆಸರಿಗೆ ಅರ್ಜಿ ಹಾಕಬಹುದು. ಬೋಲ್ಟ್ ಹೇಗೆ ಕಳಚುವುದು ಅಂತ ಅವರ ಪಕ್ಕ ಕೂತು ಈಗಲೇ ಕೇಳಿ ಕಲಿತುಕೊಳ್ಳಿ.