ಹಂದಿ ಹಸನು ಮಾಡುವಾಗ ಕೈ ತಪ್ಪುವುದು ಎಲ್ಲಿ?

ಸೆಪ್ಟೆಂಬರ್‌ನ ಕೈಲ್ ಪೊಳ್ದ್, ಅಂದರೆ ಕೊಡವರ ಆಯುಧಪೂಜೆಯ ಹಬ್ಬ, ಹತ್ತಿರ ಬಂತೆಂದರೆ ಕೊಡಗಿನ ತೋಟದ ಮನೆಗಳಲ್ಲಿ ಸಾಕಿದ ಹಂದಿಯ ಲೆಕ್ಕಾಚಾರ ಶುರುವಾಗುತ್ತದೆ. ಕಾಡುಹಂದಿಯ ಮಾತು ಇಲ್ಲಿ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ಬೇಟೆ ಅಪರಾಧ, ಮಾಂಸ ಇಟ್ಟುಕೊಂಡರೂ ಕೇಸು ತಪ್ಪಿದ್ದಲ್ಲ. ಆದರೆ ಕಾಡಿನದಾಗಲಿ ದೊಡ್ಡಿಯದಾಗಲಿ, ದೊಡ್ಡ ಪ್ರಾಣಿಯ ಮಾಂಸ ಕೆಡಲು ಕಾರಣ ಮೂರೇ: ಕರುಳಿನ ಹೊಲಸು, ಪಿತ್ತ, ಒಳಗೆ ಉಳಿದ ಬಿಸಿ.

ಜೀವಂತ 90 ಕಿಲೋ ತೂಗುವ ಹಂದಿಯಿಂದ ತೊಗಲು ಸಮೇತ ಸುಮಾರು 65 ಕಿಲೋ ಸಿಗುತ್ತದೆ. ಹಿಂದಿನ ದಿನ ಬೆಳಗ್ಗೆಯೇ ಮೇವು ನಿಲ್ಲಿಸಿ, ನೀರು ಮಾತ್ರ ಇಡಿ. ಹೊಟ್ಟೆ ತುಂಬಿದ ಹಂದಿಯ ಜಠರ ಚೆಂಡಿನಂತೆ ಬಿಗಿದಿರುತ್ತದೆ, ಚಾಕು ತಗುಲಿದರೆ ಒಡೆಯಿತೆಂದೇ ಲೆಕ್ಕ. ಬೀಜ ತೆಗೆಯದ ಗಂಡಾದರೆ ಕೊಬ್ಬಿಗೆ ಒಂದು ಬಗೆಯ ಗಬ್ಬು ಹಿಡಿದಿರುತ್ತದೆ. ಎಷ್ಟು ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಸುರಿದರೂ ಅದು ಹೋಗದು. ಮರಿ ಎರಡು ಮೂರು ವಾರದ್ದಿದ್ದಾಗಲೇ ಆಗಬೇಕಿದ್ದ ಕೆಲಸ ಅದು.

ಕೊಲ್ಲುವ ಕೆಲಸ ಪಳಗಿದ ಕೈಗೇ ಬಿಡಿ. ಪ್ರಜ್ಞೆ ತಪ್ಪಿಸಿದ ಕೂಡಲೇ ರಕ್ತ ಹರಿಸಬೇಕು. ಬೆದರಿ ಓಡಾಡಿದ ಹಂದಿಯ ಮಾಂಸ ನೀರು ಬಿಡುತ್ತದೆ, ಬಣ್ಣವೂ ಮಾಸಿರುತ್ತದೆ. ಪಟ್ಟಣದ ಮಿತಿಯಲ್ಲಿದ್ದರೆ ಪರವಾನಗಿ ಇರುವ ಕಸಾಯಿಖಾನೆಯೇ ಸರಿ.

ಕೂದಲು ತೆಗೆಯಲು ಎರಡು ದಾರಿ. ಬಿಸಿನೀರಾದರೆ 60ರಿಂದ 65 ಡಿಗ್ರಿ ಇರಲಿ, ಒಂದು ಹಿಡಿ ಒಲೆ ಬೂದಿ ಹಾಕಿದರೆ ಕೊಳೆ ಬೇಗ ಬಿಡುತ್ತದೆ. ಕುದಿಯುವ ನೀರು ಎರಚುವುದು ದೊಡ್ಡ ತಪ್ಪು. ತೊಗಲು ಬೆಂದು ಕೂದಲನ್ನು ಬಿಗಿಹಿಡಿದುಬಿಡುತ್ತದೆ, ಆಮೇಲೆ ಎಷ್ಟು ಹೆರೆದರೂ ಮೊಂಡುಗೂದಲು ಉಳಿಯುತ್ತದೆ. ಭತ್ತದ ಹುಲ್ಲಿನಲ್ಲಿ ಸುಡುವುದಾದರೆ ಬೆಂಕಿ ಒಂದೇ ಕಡೆ ನಿಲ್ಲಬಾರದು. ತೊಗಲು ಬಿರಿದು ಕೊಬ್ಬು ಇಳಿಯುತ್ತದೆ. ಟೈರು, ಸೀಮೆಎಣ್ಣೆ ಬಳಸುವವರೂ ಇದ್ದಾರೆ. ಆ ವಾಸನೆ ಸೀದಾ ತೊಗಲಿಗೆ ಇಳಿಯುತ್ತದೆ. ಸುಟ್ಟ ಮೇಲೆ ಕಪ್ಪು ಪೂರ್ತಿ ಹೋಗುವ ತನಕ ಚಾಕುವಿನ ಬೆನ್ನಿನಿಂದ ಹೆರೆದು, ಉಜ್ಜಿ ತೊಳೆಯಿರಿ. ಧಾರಾಳವಾಗಿ ನೀರು ಬಳಸುವ ಹಂತ ಇದೊಂದೇ.

ಇನ್ನು ಹೊಟ್ಟೆ. ನೋಡುವವರು ಸುಮ್ಮನಿದ್ದರೆ ಒಳ್ಳೆಯದು, ಆತುರಪಡಿಸಿದಾಗಲೇ ಕರುಳು ತೂತಾಗುವುದು. ರಕ್ತ ಹರಿಸಿದ ಮೇಲೆ ಅರ್ಧ ಮುಕ್ಕಾಲು ಗಂಟೆಯೊಳಗೆ ಒಳಗಿನದೆಲ್ಲ ಹೊರಬರಬೇಕು, ತಡವಾದಷ್ಟು ಕರುಳು ಉಬ್ಬುತ್ತದೆ. ಕೈಗವಸು ಹಾಕಿ, ಮೂತ್ರದಿಂದ ಇಲಿಜ್ವರ ತಗುಲಬಹುದು, ಕೈಯಲ್ಲಿ ಗಾಯವಿದ್ದರಂತೂ ಅಪಾಯ ಇನ್ನೂ ಹೆಚ್ಚು. ಹಿಂಗಾಲಿನ ನರ ಬಿಡಿಸಿ, ಕೊಕ್ಕೆ ಹಾಕಿ ತಲೆಕೆಳಗಾಗಿ ನೇತುಹಾಕಿ. ಮೊದಲು ಗುದದ ಸುತ್ತ ದುಂಡಗೆ ಬಿಡಿಸಿ, ಸ್ವಲ್ಪ ಹೊರಗೆಳೆದು ಹುರಿಯಿಂದ ಬಿಗಿಯಾಗಿ ಕಟ್ಟಿ. ಈ ಗಂಟಿಗೆ ಒಂದು ನಿಮಿಷ ಸಾಕು, ಆದರೂ ಬಹುತೇಕರು ಬಿಡುವುದು ಇದನ್ನೇ. ಗಂಡಾದರೆ ಹೊಟ್ಟೆಯ ಮೇಲಿನ ಮೂತ್ರದ ಚೀಲವನ್ನು ಹಿಸುಕದೆ, ಸುತ್ತಲ ತೊಗಲ ಸಮೇತ ಕೊಯ್ದು ಬಿಸಾಡಿ.

ಸೀಳುವಾಗ ಚಾಕುವಿನ ಅಲಗು ನಿಮ್ಮ ಕಡೆಗಿರಲಿ, ಹೊಟ್ಟೆಯೊಳಕ್ಕಲ್ಲ. ಮೇಲೆ ಎರಡು ಬೆರಳು ತೂರುವಷ್ಟು ಸಣ್ಣ ಸೀಳು ಹಾಕಿ, ಆ ಬೆರಳುಗಳಿಂದ ಕರುಳನ್ನು ಒಳಕ್ಕೆ ಒತ್ತಿಹಿಡಿದು, ಬೆರಳ ಸಂದಿಯಲ್ಲಿ ಚಾಕು ಇಟ್ಟು ಎದೆಮೂಳೆಯ ತನಕ ನಿಧಾನ ಇಳಿಸಿ. ಕರುಳು ತಾನಾಗಿ ಮುಂದಕ್ಕೆ ಜಾರುತ್ತದೆ. ಕೆಳಗೆ ಬುಟ್ಟಿ ಇರಲಿ. ಮೂತ್ರಕೋಶದ ಕುತ್ತಿಗೆಯನ್ನು ಬೆರಳಲ್ಲಿ ಬಿಗಿಹಿಡಿದೇ ಕೊಯ್ಯಿರಿ. ಅನ್ನನಾಳ ಕಟ್ಟಿ ಕತ್ತರಿಸಿ.

ಪಿತ್ತಕೋಶ ಲಿವರಿಗೆ ಅಂಟಿಕೊಂಡ ಹಸಿರು ಚೀಲ. ಅದನ್ನು ಕಿತ್ತರೆ ಹರಿಯುತ್ತದೆ. ಸುತ್ತಲ ಲಿವರನ್ನು ಒಂದು ಬೆರಳಗಲ ಬಿಟ್ಟುಕೊಟ್ಟು ಕೊಯ್ಯಿರಿ. ನೂರು ಗ್ರಾಂ ಲಿವರಿನ ಆಸೆಗೆ ಎಲ್ಲ ಕಹಿ ಮಾಡಿಕೊಳ್ಳಬೇಡಿ.

ಇಷ್ಟಾದರೂ ಹೊಲಸು ಸಿಡಿಯಿತೆನ್ನಿ. ಕೂಡಲೇ ಕೈ ಹೋಗುವುದು ನೀರಿನ ಪೈಪಿಗೆ. ಬೇಡ. ನೀರು ಬಿಟ್ಟರೆ ಒಂದು ಕಡೆ ಇದ್ದದ್ದು ಪಕ್ಕೆಲುಬಿನ ಉದ್ದಕ್ಕೂ ಹರಡುತ್ತದೆ. ಸಿಡಿದಷ್ಟು ಜಾಗವನ್ನು ಬೇರೆ ಚಾಕುವಿನಿಂದ ತೆಳುವಾಗಿ ಕೆತ್ತಿ ತೆಗೆಯಿರಿ, ಆ ಚಾಕುವನ್ನು ಮತ್ತೆ ಕುದಿನೀರಿಗೆ ಅದ್ದಿ.

ಅಂಗಾಂಗಗಳನ್ನು ಬೆಳಕಿಗೆ ಹಿಡಿದು ನೋಡಿ. ಲಿವರಿನ ಮೇಲೆ ಹಾಲು ಚೆಲ್ಲಿದಂಥ ಬಿಳಿ ಮಚ್ಚೆ ಇದ್ದರೆ ಜಂತುಹುಳುವಿನ ಗುರುತು. ಆ ಲಿವರ್ ಬೇಡ. ನಾಲಗೆ, ಹೃದಯ, ಭುಜದ ಮಾಂಸದಲ್ಲಿ ಬೆಂದ ಸಬ್ಬಕ್ಕಿಯಂಥ ಗುಳ್ಳೆಗಳು ಕಂಡರೆ ಲಾಡಿಹುಳುವಿನದು. ಇಡೀ ಹಂದಿಯನ್ನೇ ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಬೆಲೆ ನೆನೆದು ಹಿಂಜರಿಯುವ ವಿಷಯವಲ್ಲ. ಕರುಳು, ತೊಳೆದ ನೀರು ಯಾವುದೂ ದೊಡ್ಡಿಯ ಬೇರೆ ಹಂದಿಗಳ ಬಾಯಿಗೆ ಬೀಳಬಾರದು. ಹಂದಿಗಳನ್ನು ಕೊಲ್ಲುವ ಹಂದಿಜ್ವರ (ಸ್ವೈನ್ ಫೀವರ್) ಹರಡುವ ದಾರಿ ಅದೂ ಒಂದು.

ಕೊಡಗಿನ ಸೆಪ್ಟೆಂಬರ್ ತಂಪು ನಿಜ, ಆದರೆ ಗಾಳಿ ತೇವ. ಹೊರಗೆ ತಣ್ಣಗೆ ಕಂಡರೂ ತೊಡೆಯ ಗುಂಡುಮೂಳೆಯ ಸುತ್ತ ಬಿಸಿ ಗಂಟೆಗಟ್ಟಲೆ ಉಳಿಯುತ್ತದೆ, ಮೊದಲು ಹುಳಿವಾಸನೆ ಏಳುವುದೂ ಅಲ್ಲಿಂದಲೇ. ಬೆನ್ನುಮೂಳೆ ನಡುವೆ ಗರಗಸ ಹಾಕಿ ಎರಡು ಹೋಳು ಮಾಡಿ, ಗಾಳಿಯಾಡುವಂತೆ ನೇತುಹಾಕಿ. ಗೋಣಿ ಹೊದಿಸುವುದು, ಬಿಸಿ ಮಾಂಸವನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬುವುದು ಎರಡೂ ಬೇಡ. ಹಾಗಾಗಿಯೇ ನಸುಕಿನಲ್ಲಿ ಕೆಲಸ ಶುರುಮಾಡುವ ರೂಢಿ.

ಪಂದಿ ಕರಿಗೆ ತೊಗಲು, ಕೊಬ್ಬು, ಮಾಂಸ ಮೂರೂ ಒಂದೇ ತುಂಡಿನಲ್ಲಿ ಬರಬೇಕು. ಹಾಗಾಗಿ ತೊಗಲು ಮೇಲೆ ಮಾಡಿಟ್ಟು ಕೊಯ್ಯಬೇಡಿ, ಜಾರುತ್ತದೆ. ತೊಗಲನ್ನು ಹಲಗೆಗೆ ತಾಗಿಸಿ ಮಾಂಸದ ಕಡೆಯಿಂದ ಚಾಕು ಇಳಿಸಿ. ಉಳಿದದ್ದು ಫ್ರಿಜ್ಜಿಗೆ ಹೋಗುವುದಾದರೆ ಹತ್ತು ಕಿಲೋದ ಗುಡ್ಡೆ ಬೇಡ, ಒಂದೊಂದು ಕಿಲೋದ ಚಪ್ಪಟೆ ಪೊಟ್ಟಣಗಳನ್ನು ನಡುವೆ ಗಾಳಿಗೆ ಜಾಗ ಬಿಟ್ಟು ಜೋಡಿಸಿ.