ಮೊಣಕಾಲು ನೋವಿನ ಅಮ್ಮ, ಜೆನೋವಾದ ಗುಡ್ಡಗಳು ಮತ್ತು ನೀರಿನ ದಾರಿ

ಅಮ್ಮ ಇಟಲಿಯ ಜೆನೋವಾಕ್ಕೆ ಬರ್ತಾಳೆ, ಗುಡ್ಡದ ದಾರಿಗಳಲ್ಲಿ ನಡೆಸ್ತೀನಿ ಅಂದಾಗ ಇಲ್ಲಿನ ನಮ್ಮ ಕನ್ನಡದ ಗೆಳೆಯರು ಒಬ್ಬರೂ ಒಪ್ಪಲಿಲ್ಲ. "ಮಾರಾಯ, ಈ ಊರಲ್ಲಿ ಹಾಲು ತರೋಕೂ ನೂರು ಮೆಟ್ಟಿಲು. ಅರವತ್ತಾರು ವರ್ಷದ ಅಮ್ಮನ್ನ ಎಲ್ಲಿ ಹತ್ತಿಸ್ತೀಯ? ಸಮುದ್ರದ ದಂಡೇಲಿ ಕೂರಿಸು, ಸಾಕು" ಅಂದರು. ಅಮ್ಮ 2023ರ ಏಪ್ರಿಲ್‌ನಲ್ಲಿ ಬಂದಳು. ಹನ್ನೊಂದು ವಾರದಲ್ಲಿ ಹೆಚ್ಚುಕಡಿಮೆ 90 ಕಿಲೋಮೀಟರ್ ನಡೆದಳು. ಕೊನೆಯ ವಾರ ಒಂದೇ ದಿನ ಎಂಟೂವರೆ. ಹೇಗೆ ಅಂತ ಮೂರು ಮನೆಯವರು ಕೇಳಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತಯಾರಿ ಶುರುವಾಗಿದ್ದು ಅದಕ್ಕೂ ಒಂದು ವರ್ಷ ಮುಂಚೆ, ಅದೂ ಸೋಲಿನಿಂದ. 2022ರ ಜನವರಿಯಲ್ಲಿ ಇಲ್ಲಿನ ಕಾಡುಹಂದಿಗಳಲ್ಲಿ ಆಫ್ರಿಕನ್ ಹಂದಿಜ್ವರ ಕಾಣಿಸಿತು. ಪಿಯೆಮೊಂತೆ ಮತ್ತು ಲಿಗೂರಿಯಾ ಪ್ರಾಂತ್ಯಗಳ 114 ಊರುಗಳಲ್ಲಿ ಚಾರಣ ಮಾಡಬೇಡಿ ಅಂತ ಆದೇಶ ಬಂತು. ಜೆನೋವಾವೂ ಆ ಪಟ್ಟಿಯಲ್ಲಿತ್ತು. ಗುಡ್ಡದ ದಾರಿಗಳು ಬಂದ್. ಹಾಗಾಗಿ ಊರೊಳಗೇ ಸುತ್ತಿದೆ. ಕ್ರೇಝಾ ಅಂತಾರಲ್ಲ, ನಡುವೆ ಇಟ್ಟಿಗೆ ಸಾಲು, ಅಕ್ಕಪಕ್ಕ ಕಲ್ಲು, ಎರಡು ಗೋಡೆಗಳ ಮಧ್ಯೆ ಏರುವ ಓಣಿ, ಅವೆಲ್ಲ ಪಾಠ ಆದವು. ಲಿಫ್ಟ್‌ಗಳೂ ಗೊತ್ತಾದವು. ಪೋರ್ತೆಲ್ಲೋ ಚೌಕದಿಂದ ಗುಡ್ಡದ ಮೇಲಿನ ಕಾಸ್ತೆಲ್ಲೆತ್ತೋಗೆ ಲಿಫ್ಟ್. ಅದೇ ಚೌಕದಿಂದ ಸಾಂತಾನ್ನಾ ಫ್ಯುನಿಕ್ಯುಲರ್, ಅಂದರೆ ಹಗ್ಗದಿಂದ ಎಳೆಯುವ ಗುಡ್ಡದ ರೈಲುಗಾಡಿ. ಝೆಕ್ಕಾದಿಂದ ಗುಡ್ಡದ ತುದಿಯ ರೀಗಿಗೆ ಇನ್ನೊಂದು, ಉದ್ದದ್ದು. ಸಾಂತಾನ್ನಾ ಗಾಡಿ 1891ರದು. ಮೊದಲು ಅದು ಓಡುತ್ತಿದ್ದದ್ದು ನೀರಿನ ಭಾರದಲ್ಲಿ. ಮೇಲಿನ ಗಾಡಿಯ ತೊಟ್ಟಿಗೆ ನೀರು ತುಂಬುತ್ತಿದ್ದರು, ಅದು ಇಳಿಯುತ್ತಾ ಕೆಳಗಿನ ಗಾಡಿಯನ್ನು ಮೇಲಕ್ಕೆ ಎಳೆಯುತ್ತಿತ್ತು. ಈ ಊರಿನ ಏರಿಗೆ ಮದ್ದು ನೀರೇ ಅಂತ ನನಗೆ ಆಗಲೇ ಹೊಳೆಯಬೇಕಿತ್ತು.

ನಾನು ಹಾಕಿದ ಮೊದಲ ಲೆಕ್ಕ ಸರಳ. ಮೇಲಕ್ಕೆ ಗಾಡಿ, ಕೆಳಕ್ಕೆ ಕಾಲು. ಅಮ್ಮ ಬಂದ ಎರಡನೇ ವಾರ ರೀಗಿಗೆ ಹೋದೆವು. ಮೇಲೆ ಹದಿನೇಳನೇ ಶತಮಾನದ ಕೋಟೆಗೋಡೆ, ಕೆಳಗೆ ಬಂದರು, ಅದರಾಚೆ ಸಮುದ್ರ. ಅಮ್ಮನಿಗೆ ಖುಷಿಯೋ ಖುಷಿ. ಅಲ್ಲಿಂದ ಕ್ರೇಝಾಗಳಲ್ಲೇ ಊರಿಗೆ ಇಳಿದೆವು. ಸುಮಾರು 300 ಮೀಟರ್ ಇಳಿಜಾರು. ಅರ್ಧ ದಾರಿಯಲ್ಲಿ ಅಮ್ಮ ಮಾತು ನಿಲ್ಲಿಸಿದಳು. ಸಂಜೆಗೆ ಎಡ ಮೊಣಕಾಲು ಊದಿತ್ತು. ಮೊಣಕಾಲು ನೋವಿದ್ದವರಿಗೆ ಏರಿಗಿಂತ ಇಳಿತವೇ ಜಾಸ್ತಿ ಕಷ್ಟ. ಇದು ಎಲ್ಲರಿಗೂ ಗೊತ್ತಿರುವ ಮಾತು, ನನಗೂ ಗೊತ್ತಿತ್ತು. ಆದರೂ ಉಸಿರಿನ ಬಗ್ಗೆ ಯೋಚಿಸಿದ್ದೆ, ಕಾಲಿನ ಬಗ್ಗೆ ಯೋಚಿಸಿರಲಿಲ್ಲ. ಐದು ದಿನ ಅಮ್ಮ ಮನೆಯಲ್ಲೇ. ಟ್ಯಾಕ್ಸಿಗೆ 28 ಯೂರೋ, ಬೆಲ್ಟು ಮಾತ್ರೆಗೆ ಒಂದು 45.

ಆಮೇಲೆ ಚಾರಣದ ಕೋಲು ತಂದೆ. ಒಂದು ಜೊತೆಗೆ 65 ಯೂರೋ. ಒದ್ದೆ ಇಟ್ಟಿಗೆ ಮೇಲೆ ಅದರ ತುದಿ ಜಾರುತ್ತಿತ್ತು. ಅಮ್ಮ ಎರಡನೇ ದಿನವೇ ಅದನ್ನು ಬಿಟ್ಟು ಊರಿಂದ ತಂದ ಉದ್ದ ಕೊಡೆ ಹಿಡಿದಳು. ಕೊಡೆಯೇ ವಾಸಿ ಆಯ್ತು. ಕೋಲು ಕೊನೆಗೆ 30ಕ್ಕೆ ಮಾರಿದೆ.

ದಾರಿ ಸಿಕ್ಕಿದ್ದು ನಾಲ್ಕನೇ ವಾರ. ಸ್ತಾಲ್ಯೇನೋದ ದೊಡ್ಡ ಸ್ಮಶಾನ ನೋಡಲು ಹೋಗಿದ್ದೆವು. 1851ರಲ್ಲಿ ತೆರೆದದ್ದು, ಅಮೃತಶಿಲೆಯ ಮೂರ್ತಿಗಳಿಗೆ ಹೆಸರಾದದ್ದು, ಇಟಲಿಯ ಏಕೀಕರಣಕ್ಕೆ ಹೋರಾಡಿದ ಮಾತ್ಸೀನಿಯ ಸಮಾಧಿಯೂ ಅಲ್ಲೇ. ಮುಗಿಸಿ ಸುಮ್ನೆ ಮೇಲಿನ ಬೀದಿಗೆ ಬಸ್ಸಲ್ಲಿ ಹೋದೆವು. ಅಲ್ಲಿ ಮನೆಗಳ ಮಧ್ಯೆ ಒಂದು ಕಾಲುದಾರಿ. ಅಗಲ ಒಂದು ಮೀಟರ್ ಇರಬಹುದು. ಮೇಲೆ ಸಾಲಾಗಿ ಕಲ್ಲುಚಪ್ಪಡಿ. ಅಮ್ಮ ನಿಂತು ನೋಡಿದಳು, ಕೊಡೆಯ ತುದಿಯಿಂದ ಚಪ್ಪಡಿ ಕುಟ್ಟಿದಳು. ಟೊಳ್ಳು ಸದ್ದು ಬಂತು.

"ಇದು ಕಾಲುವೆ ಕಣೋ, ಮೇಲೆ ಮುಚ್ಚಿದ್ದಾರೆ ಅಷ್ಟೆ. ನೀರು ಹೋಗೋ ದಾರೀಲಿ ಏರೂ ಇರಲ್ಲ, ಇಳಿತಾನೂ ಇರಲ್ಲ. ನಡಿ ನೋಡಣ" ಅಂದಳು.

ಅಮ್ಮ ತೀರ್ಥಹಳ್ಳಿ ಕಡೆಯವಳು. ಗುಡ್ಡದ ಅಬ್ಬಿ ನೀರನ್ನು ಅಡಿಕೆ ಮರ ಸೀಳಿ ಮಾಡಿದ ದೋಣಿಗಳನ್ನು ಕೂಡಿಸಿ ಮನೆಬಾಗಿಲಿಗೆ ತರುವುದನ್ನು ಚಿಕ್ಕಂದಿನಿಂದ ನೋಡಿದವಳು. ದೋಣಿ ಒಂದು ಬೆರಳು ಜಾಸ್ತಿ ಓರೆಯಾದರೂ ನೀರು ಹೊರಗೆ ಚೆಲ್ಲುತ್ತೆ, ಕಡಿಮೆಯಾದರೆ ನಿಲ್ಲುತ್ತೆ. ನಾನು ಒಂದು ವರ್ಷ ಮ್ಯಾಪ್ ನೋಡಿ ಹುಡುಕಿದ್ದನ್ನು ಅವಳು ಒಂದು ನಿಮಿಷದಲ್ಲಿ ಹೇಳಿದಳು.

ಅದು ಜೆನೋವಾದ ಹಳೆಯ ಜಲಮಾರ್ಗ. ಬಿಸಾಞೋ ನದಿ ಕಣಿವೆಯ ಮೇಲಿನ ತೊರೆಗಳ ನೀರನ್ನು ಗುಡ್ಡದ ಓರೆಯಲ್ಲೇ ಸುತ್ತಿಸಿ ಊರಿಗೆ ತರುತ್ತಿತ್ತು. ಮಧ್ಯಯುಗದಿಂದ ಕಟ್ಟುತ್ತಾ, ಉದ್ದ ಮಾಡುತ್ತಾ ಬಂದದ್ದು. ಈಗ ಅದರ ಮೇಲೆಯೇ ನಡೆಯಬಹುದು. ಒಂದು ಕಡೆ ತರಕಾರಿ ತೋಟ, ಆಲಿವ್ ಮರ, ಬಟ್ಟೆ ಒಣಗಿಸಿದ ಬಾಲ್ಕನಿ. ಇನ್ನೊಂದು ಕಡೆ ಕಣಿವೆ. ಮೊದಲ ದಿನವೇ ಎರಡೂವರೆ ಕಿಲೋಮೀಟರ್ ನಡೆದೆವು. ಮೊಣಕಾಲು ತೆಪ್ಪಗಿತ್ತು.

ಇಲ್ಲಿ ನಾನು ಇನ್ನೊಂದು ಸಲ ಎಡವಿದೆ. ಇದನ್ನು ಓದುವವರು ಈ ತಪ್ಪು ಮಾಡಬೇಡಿ. ಜಲಮಾರ್ಗ ಅಂದರೆ ಪೂರ್ತಿ ಸಮತಟ್ಟು ಅಂದುಕೊಂಡು ಮುಂದಿನ ವಾರ ಮೊಲಸ್ಸಾನಾ ಕಡೆ ಜೆಯಿರಾತೋ ಸೇತುವೆಗೆ ಕರೆದುಕೊಂಡು ಹೋದೆ. ಅದು ಸೈಫನ್ ಸೇತುವೆ. ಅದಕ್ಕೂ ಮುಂಚೆ ಕಾಲುವೆ ಪಕ್ಕದ ಕಣಿವೆಯೊಳಗೆ ಹೋಗಿ, ಬಳಸಿಕೊಂಡು ಹೊರಬರುತ್ತಿತ್ತು. ದಾರಿ ಉಳಿಸಲು ಸೈಫನ್ ಮಾಡಿದರು. ನೀರು ಕೊಳವೆಯಲ್ಲಿ ಇಳಿದು, ಸೇತುವೆ ದಾಟಿ, ಆಚೆ ತಾನೇ ಏರುತ್ತಿತ್ತು. ಕೊಳವೆಯೊಳಗಿನ ನೀರಿಗೆ ಆ ಏರು ಲೆಕ್ಕಕ್ಕಿಲ್ಲ, ಅಮ್ಮನ ಕಾಲಿಗೆ ಇದೆ. ಮೆಟ್ಟಿಲು ನೋಡಿದ್ದೇ ವಾಪಸ್ ಬಂದೆವು. ಅಲ್ಲಿಂದ ನನ್ನ ನಿಯಮ ಒಂದೇ. ಕಾಲುವೆ ಇರುವಲ್ಲಿ ನಡಿಗೆ, ಸೈಫನ್ ಇರುವಲ್ಲಿ ಬಸ್ಸು. ಒಂದು ಸಲ ಗೇಟಿಗೆ ಬೀಗ ಇತ್ತು, ಬೋರ್ಡ್ ಇರಲಿಲ್ಲ. ಆ ಬೆಳಿಗ್ಗೆ ಹಾಳಾಯ್ತು.

ಬೀದಿಯಿಂದ ಕಾಲುವೆ ಮಟ್ಟಕ್ಕೆ ಮೆಟ್ಟಿಲಿಲ್ಲದೆ ಸೇರುವುದೇ ಇದರಲ್ಲಿ ಕಷ್ಟದ ಕೆಲಸ. ಅಂಥ ಜಾಗ ನನಗೆ ನಾಲ್ಕು ಗೊತ್ತು. ಎರಡು ಮ್ಯಾಪ್‌ನಲ್ಲೇ ಸಿಗುತ್ತವೆ, ಎತ್ತರದ ಗೆರೆಗಳನ್ನು ನೋಡಿ. ಉಳಿದ ಎರಡು ಮನೆಗಳ ಅಂಗಳಕ್ಕೆ ಅಂಟಿಕೊಂಡಿವೆ. ಅಲ್ಲಿನ ಹಿರಿಯರು ಅಮ್ಮನ ಕೊಡೆ ನೋಡಿ ನಮ್ಮನ್ನು ಒಳಗೆ ಬಿಟ್ಟರು. ಆ ಎರಡನ್ನು ಇಲ್ಲಿ ಬರೆಯಲ್ಲ. ರಾತ್ರಿ ಮೊಣಕಾಲಿಗೆ ಹಚ್ಚಿದ ಎಣ್ಣೆಯ ವಿಷಯವೂ ಅಮ್ಮನದ್ದು, ಅವಳನ್ನೇ ಕೇಳಬೇಕು.

ನಡುವೆ ಬೇರೆ ಪ್ರಯೋಗಗಳೂ ಆದವು. ನೆರ್ವಿಯ ಸಮುದ್ರದಂಚಿನ ದಾರಿ ಸುಮಾರು ಎರಡು ಕಿಲೋಮೀಟರ್, ಸಮತಟ್ಟು, ಚಂದ. ಆದರೆ ಭಾನುವಾರ ಜನ ತುಂಬಿರುತ್ತಾರೆ. ಗುಡ್ಡದ ಮೇಲಿನ ಕೋಟೆಮನೆ ಕಾಸ್ತೆಲ್ಲೋ ದಾಲ್ಬೆರ್ತಿಸ್‌ಗೆ ಹೋಗುವ ಲಿಫ್ಟ್ ಮೊದಲು ಸುರಂಗದಲ್ಲಿ ಅಡ್ಡಡ್ಡ ಓಡಿ, ಆಮೇಲೆ ಮೇಲಕ್ಕೇರುತ್ತೆ. ಅಮ್ಮ ಅದರಲ್ಲೇ ನಾಲ್ಕು ಸಲ ಓಡಾಡಿದಳು. ಸಮುದ್ರದಂಚಿನ ಹಳೆಯ ಮಠ ಸಾನ್ ಫ್ರುತ್ತುವೋಸೋಗೆ ಕಾಮೋಲ್ಯಿ ಊರಿಂದ ದೋಣಿಯಲ್ಲೇ ಹೋಗಿ ಬಂದೆವು, ಕಾಲುದಾರಿಯ ಆಸೆ ಬಿಟ್ಟೆ. ದಿಯಮಾಂತೆ ಕೋಟೆಗೆ, 667 ಮೀಟರ್, ನಾನೊಬ್ಬನೇ ಬೆಳಗಿನ ಜಾವ ಹೋಗಿಬಂದೆ.

ಊಟಕ್ಕೆ ಮೊದಮೊದಲು ಮೊಸರನ್ನ ಕಟ್ಟುತ್ತಿದ್ದೆ. ಆಮೇಲೆ ಅಮ್ಮನಿಗೆ ಫರಿನಾತಾ ಹಿಡಿಸಿತು. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಕಟ್ಟಿಗೆ ಒಲೆ. ಮನೆಯಲ್ಲಿ ಹಿಟ್ಟು ರಾತ್ರಿಯಿಡೀ ನೆನೆಸಿ, ನೊರೆ ತೆಗೆದು, ಇಂಗು ಹಾಕಿ ಅಮ್ಮ ಮಾಡಿದ್ದು ಅಂಗಡಿಯದಕ್ಕಿಂತ ಚೆನ್ನಾಗಿತ್ತು. ಪಕ್ಕದ ಮನೆಯ ಅಜ್ಜಿಗೆ ಇಂಗು ಮಾತ್ರ ಸೇರಲಿಲ್ಲ.

ಕೊನೆಯ ವಾರ, ಜೂನ್ ಮಧ್ಯ, ಬೆಳಿಗ್ಗೆ ಏಳಕ್ಕೆ ಮೊಲಸ್ಸಾನಾ ಕಡೆಯಿಂದ ಹೊರಟೆವು. ಕಾಲುವೆ ಮೇಲೆ ಸ್ತಾಲ್ಯೇನೋ ತನಕ, ನಡುವೆ ಒಂದು ಬಸ್ಸು. ಮತ್ತೆ ಕಾಲುವೆ ಹಿಡಿದು ಮನೀನ್ ಚೌಕದ ಕಡೆ. ಅಲ್ಲಿಂದ ಹತ್ತೊಂಬತ್ತನೇ ಶತಮಾನದಲ್ಲಿ ಗುಡ್ಡದ ಸೊಂಟಕ್ಕೆ ಸುತ್ತಿದ ದೊಡ್ಡ ರಸ್ತೆ, ಸೊಲ್ಫೆರೀನೋ, ಮಜೆಂತಾ. ಅದೂ ಹೆಚ್ಚೂಕಮ್ಮಿ ಸಮತಟ್ಟು. ಕಾಸ್ತೆಲ್ಲೆತ್ತೋದಲ್ಲಿ ಲಿಫ್ಟ್ ಹತ್ತಿ ಊರ ನಡುವಿಗೆ ಇಳಿದೆವು. ಆರು ಗಂಟೆ ಹಿಡಿಯಿತು, ಅದರಲ್ಲಿ ಒಂದೂವರೆ ಕೂತದ್ದು. ಮಾರನೇ ದಿನ ಅಮ್ಮ ಎದ್ದು ಚಪಾತಿ ಲಟ್ಟಿಸಿದಳು. ಬೇಡ ಅಂದಿದ್ದ ಗೆಳೆಯರಿಗೆ ಫೋಟೋ ಕಳಿಸಿದೆ. ಅದರಲ್ಲಿ ಒಬ್ಬ ಈಗ ತನ್ನ ಮಾವನನ್ನು ಕರೆಸುತ್ತಿದ್ದಾನೆ.

ಒಟ್ಟು ಖರ್ಚು ನೆನಪಿನಿಂದ ಹೇಳುತ್ತೇನೆ. ಬಸ್ಸಿಗೆ 150 ಯೂರೋ ಹತ್ತಿರ. ಲಿಫ್ಟು, ಫ್ಯುನಿಕ್ಯುಲರ್‌ಗೆ ಆ ವರ್ಷ ದುಡ್ಡು ಇರಲಿಲ್ಲ. ದೋಣಿಗೆ ಇಬ್ಬರಿಗೆ 30ರ ಮೇಲೆ. ಅಮ್ಮನ ಶೂಗೆ 80, ಅದು ಮಾತ್ರ ಪೂರ್ತಿ ವಸೂಲಾಯ್ತು. ಟ್ಯಾಕ್ಸಿ, ಬೆಲ್ಟು, ಕೋಲು ಸೇರಿ ನೂರರಷ್ಟು ದಂಡ.

ಅಕ್ಟೋಬರ್, ನವೆಂಬರ್‌ನಲ್ಲಿ ಕರೆಸುವವರು ಮಳೆ ಎಚ್ಚರಿಕೆ ನೋಡಿಯೇ ಹೊರಡಿ. ಕಿತ್ತಳೆ ಅಥವಾ ಕೆಂಪು ಇದ್ದರೆ ಮನೆಯಲ್ಲೇ ಇರಿ. ಬೇಸಿಗೆಯಲ್ಲಿ ಹಂದಿ ಮೇಯುವ ಒಣ ಬಿಸಾಞೋ 2014ರ ಅಕ್ಟೋಬರ್‌ನಲ್ಲಿ ಊರೊಳಗೇ ನುಗ್ಗಿತ್ತು. ನಾವು ಜೂನ್‌ನಲ್ಲಿ ಒಣಗಿದ ಚಪ್ಪಡಿ ಮೇಲೆ ನಡೆದವರು. ಒದ್ದೆಯಲ್ಲಿ ಅವು ಇಟ್ಟಿಗೆಗಿಂತಲೂ ಜಾರುತ್ತವೆ.

ಕಾಲುವೆಯ ಮೇಲಿನ ತುದಿ, ಕವಸ್ಸೋಲೋ ಕಡೆ, ನಾವು ನಡೆಯುವುದು ಇನ್ನೂ ಬಾಕಿ ಇದೆ. ನೀರು ಎಲ್ಲಿಂದ ಹೊರಡುತ್ತಿತ್ತು ಅಂತ ನೋಡಲೇಬೇಕು ಅಂತ ಅಮ್ಮ ಫೋನ್ ಮಾಡಿದಾಗಲೆಲ್ಲ ಹೇಳುತ್ತಾಳೆ. ಮುಂದಿನ ಏಪ್ರಿಲ್‌ಗೆ ವೀಸಾ ಹಾಕಿದ್ದೇವೆ.